ಯುಆರ್‌ಎಲ್‌ನಲ್ಲಿ ಭಾಷಾ ಸೂಚನೆ

ಬಹುಭಾಷಾ ಜಾಲತಾಣಗಳಲ್ಲಿ ಪುಟವೊಂದರ ಭಾಷೆಯನ್ನು ಅದರ ವಿಳಾಸದಲ್ಲೇ ಗುರುತಿಸುವ ವಿಧಾನ. ಪುಟದ ಪ್ರತಿಯೊಂದು ಭಾಷಾರೂಪಕ್ಕೂ ತನ್ನದೇ ಆದ, ಬದಲಾಗದ ವಿಳಾಸವಿರಬೇಕು ಎಂಬುದು ಇದರ ಮೂಲತತ್ತ್ವ. ಹಾಗಿದ್ದರೆ ಕನ್ನಡ ಪುಟದ ಕೊಂಡಿಯನ್ನು ಯಾರಿಗೆ ಕಳಿಸಿದರೂ ಕನ್ನಡ ಪುಟವೇ ತೆರೆದುಕೊಳ್ಳುತ್ತದೆ. ಭಾಷೆಯ ಆಯ್ಕೆ ಬ್ರೌಸರ್ ಇಟ್ಟುಕೊಳ್ಳುವ ಕಿರುದಾಖಲೆಯಾದ ಕುಕಿಯಲ್ಲಿ ಮಾತ್ರ ಉಳಿದರೆ ಒಂದೇ ಕೊಂಡಿ ಒಬ್ಬರಿಗೆ ಕನ್ನಡವನ್ನೂ ಇನ್ನೊಬ್ಬರಿಗೆ ಇಂಗ್ಲಿಷನ್ನೂ ತೋರಿಸುತ್ತದೆ. ಕುಕಿ ಇಟ್ಟುಕೊಳ್ಳದ ಸರ್ಚ್ ಎಂಜಿನ್‌ಗೆ ಅನುವಾದಗಳು ಕಾಣಿಸುವುದೇ ಇಲ್ಲ.

ವಿಳಾಸದಲ್ಲಿ ಭಾಷೆಯನ್ನು ಸೂಚಿಸಲು ನಾಲ್ಕು ಎಡೆಗಳಿವೆ. ಮೊದಲನೆಯದು ಡೊಮೈನ್‌ನ ಕೊನೆಯ ಭಾಗ. ಜರ್ಮನಿಯ ‘ಡಿಇ’, ಭಾರತದ ‘ಐಎನ್’ ಇಂಥವು. ಆದರೆ ಇವು ಸೂಚಿಸುವುದು ದೇಶವನ್ನೇ ಹೊರತು ಭಾಷೆಯನ್ನಲ್ಲ. ಹಲವು ಭಾಷೆಗಳ ಭಾರತಕ್ಕೆ ಇದು ಸಾಲದು. ಎರಡನೆಯದು ಸಬ್‌ಡೊಮೈನ್. ವಿಕಿಪೀಡಿಯ ಅನುಸರಿಸುವುದು ಇದನ್ನೇ: 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ವಿಳಾಸದ ಮೊದಲಿಗೆ ‘ಕೆಎನ್’ ಇದ್ದರೆ, 2016ರಲ್ಲಿ ಬಂದ ತುಳು ವಿಕಿಪೀಡಿಯದ ಮೊದಲಿಗೆ ‘ಟಿಸಿವೈ’ ಇದೆ. ಭಾಷೆಗೊಂದು ಬಳಗ, ಭಾಷೆಗೊಂದು ಬರಹರಾಶಿ ಇರುವಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಮೂರನೆಯದರಲ್ಲಿ ಡೊಮೈನ್ ಮುಗಿದ ಕೂಡಲೇ ಓರೆಗೆರೆಯ ಮುಂದೆ ಭಾಷಾ ಸಂಕೇತ ಬರುತ್ತದೆ. ಒಂದೇ ಡೊಮೈನ್‌ನಲ್ಲಿ ಎಲ್ಲ ಭಾಷೆಗಳನ್ನೂ ನಡೆಸಬಹುದಾದ್ದರಿಂದ ಸಾಮಾನ್ಯ ಜಾಲತಾಣಗಳಿಗೆ ಇದೇ ಸುಲಭ. ಪೈಥಾನ್ ಭಾಷೆಯ ಜಾಂಗೊ ಫ್ರೇಮ್‌ವರ್ಕ್ 2012ರ ತನ್ನ 1.4ನೆಯ ಆವೃತ್ತಿಯಿಂದ ಈ ಸೌಲಭ್ಯವನ್ನು ಒದಗಿಸುತ್ತಿದೆ. ನಾಲ್ಕನೆಯದು, ಪ್ರಶ್ನಾರ್ಥಕ ಚಿಹ್ನೆಯ ನಂತರ ಭಾಷೆಯನ್ನು ಸೇರಿಸುವುದು. ಮುಂದಿನ ಕೊಂಡಿಗಳಲ್ಲಿ ಇದು ಬಿಟ್ಟುಹೋಗುವ ಸಂಭವ ಹೆಚ್ಚು. ಗೂಗಲ್ ಕೂಡ ಇದನ್ನು ಶಿಫಾರಸು ಮಾಡುವುದಿಲ್ಲ.

ಸಂಕೇತಗಳನ್ನು ಐಎಸ್‌ಒ 639 ಮಾನಕದಿಂದ ಆರಿಸಿಕೊಳ್ಳಲಾಗುತ್ತದೆ. ಭಾಷಾ ಸಂಕೇತ ಬೇರೆ, ಪ್ರದೇಶ ಸಂಕೇತ ಬೇರೆ. ಕನ್ನಡದ ಸಂಕೇತ ‘ಕೆಎನ್’. ದೇಶಗಳ ಪಟ್ಟಿಯಲ್ಲಿ ಅದೇ ಅಕ್ಷರಗಳು ಸೇಂಟ್ ಕಿಟ್ಸ್ ಮತ್ತು ನೆವಿಸ್ ದ್ವೀಪರಾಷ್ಟ್ರಕ್ಕೆ ಸೇರಿವೆ. ಕರ್ನಾಟಕದ ವಾಹನಗಳ ಮೇಲಿರುವ ‘ಕೆಎ’ ಭಾಷೆಗಳ ಪಟ್ಟಿಯಲ್ಲಿ ಜಾರ್ಜಿಯನ್ ಭಾಷೆಯನ್ನು ಸೂಚಿಸುತ್ತದೆ.

ಭಾಷಾ ಸೂಚನೆಯಿಲ್ಲದ ಮುಖಪುಟಕ್ಕೆ ಬಂದವರ ಭಾಷೆಯನ್ನು ಸರ್ವರ್ ಊಹಿಸಬೇಕಾಗುತ್ತದೆ. ಬಳಕೆದಾರರು ಹಿಂದೆ ಆರಿಸಿದ ಭಾಷೆ ಕುಕಿಯಲ್ಲಿದ್ದರೆ ಅದಕ್ಕೆ ಮೊದಲ ಮನ್ನಣೆ. ಅದಿಲ್ಲದಿದ್ದರೆ ಬ್ರೌಸರ್ ಕಳಿಸುವ, ಇಷ್ಟದ ಭಾಷೆಗಳನ್ನು ಆದ್ಯತೆಯ ಕ್ರಮದಲ್ಲಿ ತಿಳಿಸುವ ‘ಆ್ಯಕ್ಸೆಪ್ಟ್-ಲ್ಯಾಂಗ್ವೇಜ್’ ಹೆಡರ್. ಅದೂ ಹೊಂದದಿದ್ದರೆ ತಾಣದ ಮೂಲಭಾಷೆ. ಹೀಗೆ ಮುಂದಕ್ಕೆ ಕಳಿಸುವಾಗ ತಾತ್ಕಾಲಿಕ ವರ್ಗಾವಣೆಯ 302 ಸಂಕೇತವನ್ನು ಬಳಸಬೇಕು. ಶಾಶ್ವತ ವರ್ಗಾವಣೆಯ 301 ಬಳಸಿದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಂಡು, ಬಳಕೆದಾರರು ಭಾಷೆ ಬದಲಿಸಿದ ಮೇಲೂ ಹಳೆಯ ಭಾಷೆಗೇ ಒಯ್ಯಬಹುದು. ವಿಳಾಸದಲ್ಲಿ ಭಾಷೆ ಸ್ಪಷ್ಟವಾಗಿದ್ದರೆ ಕುಕಿಯಾಗಲಿ ಹೆಡರಾಗಲಿ ಅದನ್ನು ಮೀರಬಾರದು.

ಭಾಷೆ ಬದಲಿಸುವ ಗುಂಡಿ ಬಳಕೆದಾರರನ್ನು ಅದೇ ಪುಟದ ಇನ್ನೊಂದು ಭಾಷಾರೂಪಕ್ಕೆ ಒಯ್ಯಬೇಕು, ಮುಖಪುಟಕ್ಕಲ್ಲ. ಪುಟದ ಹೆಸರೂ ಅನುವಾದಗೊಂಡಿದ್ದರೆ ಬರೀ ಸಂಕೇತ ಬದಲಿಸಿದರೆ ಆಗದು. ಯಾವ ಪುಟಕ್ಕೆ ಯಾವುದು ಜೋಡಿ ಎಂಬ ದಾಖಲೆ ಬೇಕು. ವಿಕಿಪೀಡಿಯದಲ್ಲಿ 2013ರಿಂದ ಈ ಕೆಲಸವನ್ನು ವಿಕಿಡೇಟಾ ನಿರ್ವಹಿಸುತ್ತಿದೆ. ಅನುವಾದವಿಲ್ಲದ ಪುಟವಾದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. ಭಾಷೆ ಬದಲಿಸಿದ ಮೇಲೆ ಮರಳಬೇಕಾದ ಪುಟದ ವಿಳಾಸ ಬ್ರೌಸರ್‌ನಿಂದ ಬರುವುದಾದರೆ, ಅದು ಅದೇ ತಾಣದ್ದೇ ಎಂದು ಸರ್ವರ್ ಪರೀಕ್ಷಿಸಬೇಕು. ಇಲ್ಲವಾದರೆ ವಂಚಕರು ಭಾಷೆ ಬದಲಿಸುವ ಕೊಂಡಿಯ ಮೂಲಕ ಜನರನ್ನು ತಮ್ಮ ತಾಣಕ್ಕೆ ಸೆಳೆಯಬಹುದು. ಭಾಷೆಗಳ ಹೆಸರನ್ನು ಆಯಾ ಲಿಪಿಯಲ್ಲೇ ಬರೆಯುವುದು ಸರಿಯಾದ ಕ್ರಮ. ಬಾವುಟ ದೇಶದ ಗುರುತಾದ್ದರಿಂದ ಭಾಷೆಗೆ ಹೊಂದುವುದಿಲ್ಲ.

ಒಂದೇ ಪುಟದ ಭಾಷಾರೂಪಗಳನ್ನು ಸರ್ಚ್ ಎಂಜಿನ್‌ಗಳಿಗೆ ತಿಳಿಸಲು ‘ಎಚ್‌ರೆಫ್‌ಲ್ಯಾಂಗ್’ ಎಂಬ ಗುರುತು ಇದೆ. ಗೂಗಲ್ ಇದನ್ನು 2011ರಲ್ಲಿ ಜಾರಿಗೆ ತಂದಿತು. ಕನ್ನಡ ಪುಟ ಇಂಗ್ಲಿಷ್ ಪುಟವನ್ನು ಸೂಚಿಸಿದರೆ ಇಂಗ್ಲಿಷ್ ಪುಟವೂ ಕನ್ನಡದ್ದನ್ನು ಸೂಚಿಸಬೇಕು. ಒಂದು ಕಡೆಯ ಸೂಚನೆ ಮಾನ್ಯವಾಗುವುದಿಲ್ಲ.

ಪುಟದ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರಗಳಾಗುತ್ತದೆ. ಹೀಗಾಗಿ ‘ಕನ್ನಡ’ ಎಂಬ ಐದು ಸಂಕೇತಗಳ (ಕ, ನ, ್, ನ, ಡ) ಪದ 45 ಅಕ್ಷರಗಳಿಗೆ ಹಿಗ್ಗುತ್ತದೆ. ಡೊಮೈನ್ ಭಾಗಕ್ಕೆ ಬೇರೆ ಕ್ರಮವಿದ್ದು, ‘.ಭಾರತ’ದಂಥ ಹೆಸರುಗಳನ್ನು ಇಂಗ್ಲಿಷ್ ಅಕ್ಷರ-ಅಂಕಿಗಳ ಪ್ಯೂನಿಕೋಡ್ ರೂಪಕ್ಕೆ ಪರಿವರ್ತಿಸಲಾಗುತ್ತದೆ. ನಕಲು ಮಾಡಿ ಅಂಟಿಸಿದಾಗ ಇಂಥ ವಿಳಾಸಗಳು ಉದ್ದವಾಗಿ ಕಂಡರೂ ಇಂದಿನ ಬ್ರೌಸರ್‌ಗಳು ಅವನ್ನು ಸರಿಯಾಗಿ ತೆರೆಯುತ್ತವೆ.