ಲೋಹಶೋಧಕ ಮತ್ತು ಹಳೆಯ ನಾಣ್ಯಗಳ ಪತ್ತೆ

ಮಣ್ಣಿನಡಿ ಹುದುಗಿದ ಹಳೆಯ ನಾಣ್ಯಗಳನ್ನು ಕೈಯಲ್ಲಿ ಹಿಡಿದು ನಡೆಯಬಹುದಾದ ವಿದ್ಯುತ್ ಉಪಕರಣದ ನೆರವಿನಿಂದ ಗುರುತಿಸಿ ಹೊರತೆಗೆಯುವ ಕ್ರಮ. ಉಪಕರಣಕ್ಕೆ ಲೋಹಶೋಧಕವೆಂದೂ ಆಡುಮಾತಿನಲ್ಲಿ ಮೆಟಲ್ ಡಿಟೆಕ್ಟರ್ ಎಂದೂ ಹೆಸರು. 1970ರ ದಶಕದಿಂದೀಚೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇದು ಜನಪ್ರಿಯ ಹವ್ಯಾಸವಾಗಿದೆ. ಅಲ್ಲಿ ಈಚಿನ ದಶಕಗಳಲ್ಲಿ ಬೆಳಕಿಗೆ ಬಂದ ದೊಡ್ಡ ನಾಣ್ಯನಿಧಿಗಳಲ್ಲಿ ಹೆಚ್ಚಿನವು ಹವ್ಯಾಸಿಗಳ ಕೈಗೆ ಸಿಕ್ಕವು. ನಾಣ್ಯಶಾಸ್ತ್ರಕ್ಕೆ ಇದರಿಂದ ಆಗಿರುವ ಲಾಭ ದೊಡ್ಡದು, ಹಾನಿಯೂ ಸಣ್ಣದಲ್ಲ. ಸಿಕ್ಕ ತಾಣ ಮತ್ತು ಸಿಕ್ಕ ಸ್ಥಿತಿ ದಾಖಲಾಯಿತೇ ಇಲ್ಲವೇ ಎಂಬುದೇ ಎರಡನ್ನೂ ನಿರ್ಧರಿಸುತ್ತದೆ.

ಉಪಕರಣದ ಹಿನ್ನೆಲೆ

1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಗುಂಡೇಟಿಗೆ ಗುರಿಯಾದಾಗ, ದೇಹದಲ್ಲಿ ಉಳಿದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ವಿದ್ಯುತ್ ಪ್ರೇರಣೆಯ ಸಾಧನವೊಂದನ್ನು ಬಳಸಿದ. ಗುಂಡು ಪತ್ತೆಯಾಗಲಿಲ್ಲ. ಹಾಸಿಗೆಯ ಲೋಹದ ಸ್ಪ್ರಿಂಗುಗಳು ಅಡ್ಡಿಯಾದವೆಂಬ ವಿವರಣೆ ಪ್ರಚಲಿತವಾಗಿದೆ. 1930ರ ದಶಕದಲ್ಲಿ ಗೆರ್ಹಾರ್ಡ್ ಫಿಷರ್ ಅಮೆರಿಕದಲ್ಲಿ ಹೊತ್ತೊಯ್ಯಬಹುದಾದ ಶೋಧಕಕ್ಕೆ ಪೇಟೆಂಟ್ ಪಡೆದ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬು ಶೋಧಕವನ್ನು ಬ್ರಿಟಿಷ್ ಸೇನೆ 1942ರ ಎಲ್ ಅಲಮೈನ್ ಕದನದಲ್ಲಿ ಬಳಸಿತು. ಟ್ರಾನ್ಸಿಸ್ಟರ್ ಬಂದ ಮೇಲೆ ಉಪಕರಣ ಹಗುರವೂ ಅಗ್ಗವೂ ಆಗಿ ಹವ್ಯಾಸಿಗಳ ಕೈಸೇರಿತು.

ಕೆಲಸ ಮಾಡುವ ಬಗೆ

ಕೋಲಿನ ತುದಿಯ ತಟ್ಟೆಯೊಳಗೆ ತಂತಿಯ ಸುರುಳಿಗಳಿರುತ್ತವೆ. ಒಂದರಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ನೆಲದೊಳಕ್ಕೆ ಏರಿಳಿಯುವ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸುಳಿಪ್ರವಾಹಗಳು ಹುಟ್ಟಿ, ಅವುಗಳ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ಕಳಿಸಿದ ಅಲೆಗೂ ಮರಳಿದ ಅಲೆಗೂ ನಡುವಿನ ಹಂತವ್ಯತ್ಯಾಸವನ್ನು ಅಳೆದು ಉಪಕರಣ ಲೋಹದ ಬಗೆಯನ್ನು ಅಂದಾಜು ಮಾಡುತ್ತದೆ. ದಪ್ಪನೆಯ ಬೆಳ್ಳಿ, ತಾಮ್ರದ ನಾಣ್ಯಗಳು ಸ್ಪಷ್ಟವಾದ ಸ್ವರ ಕೊಡುತ್ತವೆ. ಚಿಕ್ಕ ಚಿನ್ನದ ನಾಣ್ಯದ ಸಂಕೇತ ಅಲ್ಯೂಮಿನಿಯಂ ಹಾಳೆಯ ಚೂರಿನದನ್ನೇ ಹೋಲುವುದರಿಂದ, ಕಸವೆಂದು ಬಿಟ್ಟುಹೋಗುವ ಸಾಧ್ಯತೆ ಹೆಚ್ಚು.

ಒಂಟಿ ನಾಣ್ಯ ಸಾಮಾನ್ಯವಾಗಿ 20ರಿಂದ 25 ಸೆಂ.ಮೀ. ಆಳದವರೆಗೆ ಮಾತ್ರ ಪತ್ತೆಯಾಗುತ್ತದೆ. ನಾಣ್ಯ ತುಂಬಿದ ಗಡಿಗೆ ಇನ್ನೂ ಆಳದಿಂದ ಸಂಕೇತ ಕೊಡಬಲ್ಲದು. ಉಳುಮೆ ನಾಣ್ಯಗಳನ್ನು ಮೇಲಕ್ಕೆ ತರುವುದು ಉಳುಮೆಯಾದ ಹೊಲಗಳಲ್ಲಿ ಹುಡುಕಾಟ ಫಲಿಸಲು ಒಂದು ಕಾರಣ. ನೇಗಿಲು ಕಲಕಿದ ಮೇಲ್ಮಣ್ಣಿನಲ್ಲಿ ನಾಣ್ಯ ಮೊದಲೇ ತನ್ನ ನೆಲೆ ಕಳೆದುಕೊಂಡಿರುತ್ತದೆ. ಅದನ್ನು ಎತ್ತುವುದರಿಂದ ಪುರಾತತ್ವಕ್ಕೆ ಆಗುವ ನಷ್ಟ ಕಡಿಮೆ. ಮೇಲ್ಮಣ್ಣಿನ ಕೆಳಗಿನ ಕದಡದ ಸ್ತರಕ್ಕೆ ಗುದ್ದಲಿ ಇಳಿದರೆ ನಷ್ಟ ತುಂಬಿಕೊಡಲಾಗದ್ದು. ಕಬ್ಬಿಣದ ಅಂಶ ಹೆಚ್ಚಿರುವ ಮಣ್ಣು ತಾನೇ ಸಂಕೇತ ಕೊಡುವುದರಿಂದ ನೆಲಕ್ಕೆ ತಕ್ಕಂತೆ ಉಪಕರಣವನ್ನು ಹೊಂದಿಸಬೇಕಾಗುತ್ತದೆ.

ನಿಧಿಗಳ ಸಾಕ್ಷ್ಯ

ಒಂಟಿಯಾಗಿ ಬಿದ್ದ ನಾಣ್ಯ ಯಾರದೋ ಕೈಜಾರಿದ್ದು. ಜನ ಎಲ್ಲಿ ಓಡಾಡಿದರು, ಎಲ್ಲಿ ವ್ಯಾಪಾರ ಮಾಡಿದರು ಎಂಬುದನ್ನು ಅದು ಸೂಚಿಸುತ್ತದೆ. ನಿಧಿ ಹಾಗಲ್ಲ, ಅದು ಬೇಕೆಂದು ಇಟ್ಟದ್ದು. ಅದರಲ್ಲಿನ ತೀರ ಈಚಿನ ನಾಣ್ಯ ಹೂತಿಟ್ಟ ಕಾಲದ ಹಿಂದಿನ ಮಿತಿಯನ್ನು ಗೊತ್ತುಮಾಡುತ್ತದೆ. ನಾಣ್ಯಗಳು ಯಾವ ಕ್ರಮದಲ್ಲಿ ತುಂಬಿದ್ದವು ಎಂಬುದು ಇನ್ನೂ ಹೆಚ್ಚಿನದನ್ನು ಹೇಳಬಲ್ಲದು.

1992ರ ನವೆಂಬರಿನಲ್ಲಿ ಸಫೋಕ್ ಪ್ರಾಂತದ ಹಾಕ್ಸನ್ ಹಳ್ಳಿಯಲ್ಲಿ, ಹೊಲದಲ್ಲಿ ಕಳೆದುಹೋದ ಸುತ್ತಿಗೆಯನ್ನು ಹುಡುಕುತ್ತಿದ್ದವರಿಗೆ ರೋಮನ್ ನಿಧಿ ಸಿಕ್ಕಿತು. ಶೋಧಿಸಿದವರು ಅಗೆತ ನಿಲ್ಲಿಸಿ ಸುದ್ದಿ ಮುಟ್ಟಿಸಿದ್ದರಿಂದ ಪುರಾತತ್ವಜ್ಞರು ಮರುದಿನವೇ ಕ್ರಮಬದ್ಧವಾಗಿ ಉತ್ಖನನ ನಡೆಸಿದರು. ಅಲ್ಲಿದ್ದದ್ದು ಸುಮಾರು 15,000 ಚಿನ್ನ ಬೆಳ್ಳಿಯ ನಾಣ್ಯಗಳು, ಒಡವೆ, ಬೆಳ್ಳಿಯ ಪಾತ್ರೆಸಾಮಾನು. ಕೊನೆಯ ನಾಣ್ಯಗಳು ಕ್ರಿ.ಶ. 407–408ರವು. ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲಿನ ಅಂಚನ್ನು, ಚಕ್ರವರ್ತಿಯ ಮುಖಕ್ಕೆ ಧಕ್ಕೆಯಾಗದಂತೆ ಕತ್ತರಿಸಲಾಗಿತ್ತು. ಸಾಮ್ರಾಜ್ಯದಿಂದ ಹೊಸ ನಾಣ್ಯ ಬರುವುದು ನಿಂತ ಮೇಲೆ ಬ್ರಿಟನ್ನಿನವರು ಇದ್ದ ಬೆಳ್ಳಿಯನ್ನೇ ಹಿಗ್ಗಿಸಿ ಬಳಸಿದರೆಂಬುದಕ್ಕೆ ಇದು ಬಲವಾದ ಆಧಾರ. ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಸಾಮರ್ಸೆಟ್‌ನ ಫ್ರೂಮ್ ಬಳಿ 2010ರಲ್ಲಿ ದೊರೆತ ಒಂದೇ ಗಡಿಗೆಯಲ್ಲಿ 52,503 ನಾಣ್ಯಗಳಿದ್ದವು; ತೂಕ ಸುಮಾರು 160 ಕಿಲೋ. ಇಲ್ಲಿಯೂ ಶೋಧಿಸಿದವರು ಗಡಿಗೆಯನ್ನು ಎತ್ತದೆ ಬಿಟ್ಟರು. ಪುರಾತತ್ವಜ್ಞರು ನಾಣ್ಯಗಳನ್ನು ಪದರ ಪದರವಾಗಿ ಬೇರ್ಪಡಿಸಿ ತೆಗೆದಾಗ, ತೀರ ಈಚಿನವಾದ, ಬ್ರಿಟನ್ನನ್ನು ಆಳಿದ ರೋಮನ್ ದೊರೆ ಕರಾಸಿಯಸ್‌ನ ನಾಣ್ಯಗಳಲ್ಲಿ ಹೆಚ್ಚಿನವು ಗಡಿಗೆಯ ಕೆಳಗಿನ ಅರ್ಧದಲ್ಲಿದ್ದುದು ಕಂಡಿತು. ವರ್ಷವರ್ಷ ಕೂಡಿಟ್ಟ ಉಳಿತಾಯವಾಗಿದ್ದರೆ ಅವು ಮೇಲಿರಬೇಕಿತ್ತು. ಆದ್ದರಿಂದ ಎಲ್ಲವನ್ನೂ ಒಂದೇ ಸಲಕ್ಕೆ ಸುರಿದಿರಬೇಕು. ಇದು ದೇವತೆಗಳಿಗೆ ಸಮುದಾಯವೊಂದು ಅರ್ಪಿಸಿದ ಕಾಣಿಕೆಯಿರಬಹುದೆಂದು ಕೆಲವು ವಿದ್ವಾಂಸರು ಸೂಚಿಸಿದ್ದಾರೆ, ಒಮ್ಮತವಿಲ್ಲ. ಗಡಿಗೆಯನ್ನು ಆತುರದಲ್ಲಿ ಬೋರಲು ಹಾಕಿದ್ದರೆ ಈ ಚರ್ಚೆಗೆ ಆಧಾರವೇ ಉಳಿಯುತ್ತಿರಲಿಲ್ಲ.

ದಾಖಲೆಯ ಬೆಲೆ ಎಷ್ಟೆಂಬುದನ್ನು 2015ರ ಎರಡು ಶೋಧಗಳು ತೋರಿಸುತ್ತವೆ. ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್ಟನ್ ಬಳಿ ಸಿಕ್ಕ ವೈಕಿಂಗ್ ಕಾಲದ ನಿಧಿಯನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ ಪ್ರಯೋಗಾಲಯದಲ್ಲಿ ಬಿಡಿಸಲಾಯಿತು. ಅದರ 186 ನಾಣ್ಯಗಳಲ್ಲಿ ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕ ಕುಳಿತಿರುವ ಅಚ್ಚಿನವು 13. ವೆಸೆಕ್ಸಿನ ದೊರೆ ಆಲ್ಫ್ರೆಡ್ ಮತ್ತು ಮರ್ಸಿಯದ ದೊರೆ ಎರಡನೆಯ ಚೆಯೋಲ್‌ವುಲ್ಫ್ ಇಬ್ಬರೂ ಈ ಅಚ್ಚನ್ನು ಹೊರಡಿಸಿದ್ದರು. ಅದುವರೆಗೆ ಇಬ್ಬರದೂ ಒಂದೊಂದೇ ಮಾದರಿ ತಿಳಿದಿತ್ತು. ಆಲ್ಫ್ರೆಡನ ಕಡೆಯವರು ಬರೆದ ವೃತ್ತಾಂತ ಚೆಯೋಲ್‌ವುಲ್ಫನನ್ನು ವೈಕಿಂಗರ ಕೈಗೊಂಬೆಯೆಂದು ತಳ್ಳಿಹಾಕುತ್ತದೆ. ಇಬ್ಬರೂ ಕೆಲಕಾಲ ಸಮಾನ ಮಿತ್ರರಾಗಿದ್ದರೆಂಬ ಕಡೆಗೆ ನಾಣ್ಯಗಳು ಬೆರಳು ತೋರುತ್ತವೆ.

ಅದೇ ವರ್ಷ ಹೆರೆಫರ್ಡ್‌ಶೈರಿನ ಲೆಮ್ಸ್ಟರ್ ಬಳಿ ಅದೇ ಕಾಲದ ಇನ್ನೊಂದು ನಿಧಿ ಸಿಕ್ಕಿತು. ಶೋಧಿಸಿದವರು ಅದನ್ನು ಮುಚ್ಚಿಟ್ಟು ಗುಟ್ಟಾಗಿ ಮಾರಿದರು. ಅವರು ಮೊಬೈಲಿನಿಂದ ಅಳಿಸಿದ್ದ ಚಿತ್ರಗಳನ್ನು ಪೊಲೀಸರು ಮರಳಿ ಪಡೆದಾಗ ಅಲ್ಲಿ ಸುಮಾರು 300 ನಾಣ್ಯಗಳಿದ್ದಿರಬೇಕೆಂದು ತಿಳಿಯಿತು. ಅವುಗಳಲ್ಲಿ ಹೆಚ್ಚಿನವು ಕೈತಪ್ಪಿದವು. 2019ರಲ್ಲಿ ತಪ್ಪಿತಸ್ಥರಿಗೆ ಜೈಲುಶಿಕ್ಷೆಯಾಯಿತು.

ಕಾನೂನು

1980ರ ದಶಕದಲ್ಲಿ ಸರ್ರೆಯ ವಾನ್‌ಬರೋದಲ್ಲಿನ ರೋಮನ್ ಕಾಲದ ದೇವಾಲಯದ ತಾಣವನ್ನು ರಾತ್ರಿಗಳ್ಳರು ಅಗೆದು ಅಪಾರ ನಾಣ್ಯಗಳನ್ನು ದೋಚಿದರು. ಈ ಪ್ರಕರಣ ಹೊಸ ಕಾನೂನಿನ ಬೇಡಿಕೆಗೆ ಬಲ ತಂದಿತು. ಬ್ರಿಟನ್ನಿನ 1996ರ ನಿಧಿ ಕಾಯ್ದೆಯ ಪ್ರಕಾರ, 300 ವರ್ಷಕ್ಕೂ ಹಳೆಯವಾದ ಎರಡು ಅಥವಾ ಹೆಚ್ಚು ಚಿನ್ನ ಬೆಳ್ಳಿಯ ನಾಣ್ಯಗಳು ಒಟ್ಟಿಗೆ ಸಿಕ್ಕರೆ 14 ದಿನಗಳೊಳಗೆ ಕೊರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಅಗ್ಗದ ಲೋಹದವಾದರೆ ಹತ್ತು ಅಥವಾ ಹೆಚ್ಚು ಇರಬೇಕು. ವಸ್ತುಸಂಗ್ರಹಾಲಯ ಬಯಸಿದರೆ ಮಾರುಕಟ್ಟೆ ಬೆಲೆ ಕೊಡುತ್ತದೆ. ವಾಡಿಕೆಯಲ್ಲಿ ಶೋಧಿಸಿದವರೂ ಜಮೀನಿನ ಒಡೆಯರೂ ಸಮಪಾಲು ಪಡೆಯುತ್ತಾರೆ. ಈ ಕಾಯ್ದೆಯ ವ್ಯಾಪ್ತಿಗೆ ಬಾರದ ಬಿಡಿ ವಸ್ತುಗಳನ್ನು ಸ್ವಇಚ್ಛೆಯಿಂದ ದಾಖಲಿಸುವ ಯೋಜನೆ 1997ರಲ್ಲಿ ಆರಂಭವಾಗಿ, ಈಗ 15 ಲಕ್ಷಕ್ಕೂ ಹೆಚ್ಚು ವಸ್ತುಗಳ ವಿವರವನ್ನು ಹೊಂದಿದೆ.

ಭಾರತ ಮತ್ತು ಕರ್ನಾಟಕ

ಇಲ್ಲಿ ಹವ್ಯಾಸವಾಗಿ ಲೋಹಶೋಧನೆ ಬೇರೂರಿಲ್ಲ. ಕರ್ನಾಟಕದ ಪ್ರಸಿದ್ಧ ನಾಣ್ಯಗಳು ಬೆಳಕಿಗೆ ಬಂದದ್ದು ಬೇರೆ ದಾರಿಗಳಿಂದ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ದಿನಾರಿಗಳು ಸಿಕ್ಕವು. ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ರೋಮನ್ ಹಾಗೂ ಬೈಜಾಂಟಿಯಂ ಚಿನ್ನದ ನಾಣ್ಯಗಳು ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿದರು. ಅಲ್ಲಿ ಶಾತವಾಹನ ಮತ್ತು ರೋಮನ್ ನಾಣ್ಯಗಳೆರಡೂ ದೊರೆತದ್ದರಿಂದ ಪದರಗಳ ಕಾಲನಿರ್ಣಯಕ್ಕೆ ನೆರವಾಯಿತು. ಅರ್ಧ ಗ್ರಾಮಿಗೂ ಕಡಿಮೆ ತೂಗುವ ‘ಹಣ’ವೆಂಬ ಚಿನ್ನದ ನಾಣ್ಯಗಳನ್ನು ಕರಾವಳಿ, ಮಲೆನಾಡಿನ ಕಬ್ಬಿಣಾಂಶ ಹೆಚ್ಚಿರುವ ಜಂಬಿಟ್ಟಿಗೆ ಮಣ್ಣಿನಲ್ಲಿ ಪತ್ತೆಹಚ್ಚುವುದು ಶೋಧಕಕ್ಕೂ ಕಷ್ಟವೇ ಸರಿ.

1878ರ ಭಾರತೀಯ ನಿಧಿ ಕಾಯ್ದೆಯಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ. ಕರ್ನಾಟಕದಲ್ಲಿ 1962ರ ಪ್ರತ್ಯೇಕ ನಿಧಿ ಕಾಯ್ದೆಯಿದೆ. ಸಂರಕ್ಷಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ನಿಷೇಧಿಸುತ್ತದೆ. ನೂರು ವರ್ಷ ದಾಟಿದ ನಾಣ್ಯಗಳು 1972ರ ಕಾಯ್ದೆಯಡಿ ಪ್ರಾಚ್ಯವಸ್ತುಗಳು. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ನಿಧಿಯಾಸೆಗೆ ಹಾಳುಗುಡಿಗಳ ಗರ್ಭಗುಡಿಯನ್ನೇ ಅಗೆಯುವ ನಿಧಿಗಳ್ಳರು ನಾಡಿನ ಚರಿತ್ರೆಗೆ ಮಾಡುತ್ತಿರುವ ಹಾನಿ ಗಂಭೀರವಾದದ್ದು.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯ ಕಂಡವರು ಅಗೆತ ನಿಲ್ಲಿಸಬೇಕು. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಬಾರದು, ಜೊತೆಗೆ ಸಿಕ್ಕ ಮಡಕೆಯ ಚೂರುಗಳನ್ನು ಎಸೆಯಬಾರದು. ಸಿಕ್ಕ ಜಾಗವನ್ನು ಗುರುತುಮಾಡಿ ಜಿಲ್ಲಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಗೆ ಕೂಡಲೇ ತಿಳಿಸಬೇಕು.