ರೋಮಾಪುರಿಯಲ್ಲಿ ಉಳಿದುದು, ಅಳಿದುದು

ರೋಮಾಪುರಿಯ ಪ್ರಾಚೀನ ಕಟ್ಟಡಗಳನ್ನು ನೋಡಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಇದನ್ನು ಕಟ್ಟಿಸಿದವರಾರು, ಯಾವಾಗ ಕಟ್ಟಿಸಿದರು? ಇವೆರಡಕ್ಕೂ ಉತ್ತರ ಯಾತ್ರಿಕರ ಕೈಪಿಡಿಯಲ್ಲಿ ಸುಲಭವಾಗಿ ದೊರೆಯುತ್ತದೆ. ಇವುಗಳ ಜೊತೆಗೆ ಮೂರನೆಯದೊಂದನ್ನೂ ನಾವು ಕೇಳಿಕೊಳ್ಳಬೇಕು: ಇದು ಇಂದಿನವರೆಗೆ ಉಳಿದು ಬಂದುದು ಹೇಗೆ?

ಮೊದಲು ಪ್ಯಾಂಥಿಯನ್ ಎಂಬ ದೇವಾಲಯಕ್ಕೆ ಹೋಗೋಣ. ಈಗಿನ ಕಟ್ಟಡ ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು, ಕ್ರಿ. ಶ. ೧೨೬ರ ಸುಮಾರಿಗೆ ಮುಗಿದುದು. ಆದರೂ ಮುಖಮಂಟಪದ ಮೇಲೆ ಇರುವುದು, ಹಿಂದೆ ಅಲ್ಲಿ ಗುಡಿ ಕಟ್ಟಿಸಿದ್ದ ಅಗ್ರಿಪ್ಪನ ಹೆಸರು. ಒಳಗೆ ಕಾಲಿಟ್ಟರೆ ಮೇಲೆ ಸುಮಾರು ೧೪೨ ಅಡಿ ಅಡ್ಡಳತೆಯ ಗುಮ್ಮಟ. ನೆಲದಿಂದ ಅದರ ನೆತ್ತಿಗೂ ಅಷ್ಟೇ ಎತ್ತರ. ನೆತ್ತಿಯ ತೆರೆದ ಕಂಡಿಯಿಂದ ಬಿಸಿಲೂ ಮಳೆಯೂ ನೇರವಾಗಿ ನೆಲಕ್ಕೆ ಬೀಳುತ್ತವೆ. ಕ್ರಿ. ಶ. ೬೦೯ರಲ್ಲಿ ಇದು ಕ್ರೈಸ್ತರ ಇಗರ್ಜಿಯಾಯಿತು. ದೇವರು ಬದಲಾದರೂ ಪೂಜೆ ನಿಲ್ಲಲಿಲ್ಲವಾದುದರಿಂದ ಗೋಡೆಗಳು ನಿಂತವು. ಆದರೆ ಮುಖಮಂಟಪದ ಕಂಚನ್ನು ಹದಿನೇಳನೆಯ ಶತಮಾನದಲ್ಲಿ ಪೋಪ್ ಎಂಟನೆಯ ಅರ್ಬನನೇ ತೆಗೆಸಿ ಫಿರಂಗಿ ಎರಕ ಹೊಯ್ಯಿಸಿದನು.

ಕ್ಯಾಪಿಟೋಲ್ ಗುಡ್ಡದ ಮೇಲಿರುವ ವಸ್ತುಶಾಲೆಯಲ್ಲಿ ಮಾರ್ಕಸ್ ಆರೇಲಿಯಸ್ ಚಕ್ರವರ್ತಿಯ ಕಂಚಿನ ಕುದುರೆ ಸವಾರಿಯ ಪ್ರತಿಮೆಯುಂಟು. ಇತರ ಚಕ್ರವರ್ತಿಗಳ ಕಂಚಿನ ಪ್ರತಿಮೆಗಳು ಬಹುಮಟ್ಟಿಗೆ ಕುಲುಮೆ ಸೇರಿದುವು. ಇದನ್ನು ಮಾತ್ರ ಮಧ್ಯಯುಗದ ಜನ ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನನದೆಂದು ಬಗೆದು ಗೌರವದಿಂದ ಉಳಿಸಿಕೊಂಡರು. ತಪ್ಪು ಹೆಸರೇ ಅದಕ್ಕೆ ರಕ್ಷೆಯಾಯಿತು!

ಇನ್ನು ಕೊಲೋಸಿಯಮ್. ವೆಸ್ಪೇಷಿಯನ್ ಚಕ್ರವರ್ತಿ ಆರಂಭಿಸಿದ ಈ ರಂಗಸ್ಥಳವನ್ನು ಅವನ ಮಗ ಟೈಟಸನು ಕ್ರಿ. ಶ. ೮೦ರಲ್ಲಿ ತೆರೆದನು. ಸುಮಾರು ೫೦,೦೦೦ ಜನ ಕುಳಿತು ಖಡ್ಗಮಲ್ಲರ ಕಾಳಗವನ್ನೂ ಮೃಗಗಳ ವಧೆಯನ್ನೂ ನೋಡುತ್ತಿದ್ದರು. ಆ ಕ್ರೂರ ವಿನೋದ ನಿಂತಮೇಲೆ ಕಟ್ಟಡ ಕಲ್ಲಿನ ಗಣಿಯಾಯಿತು. ೧೩೪೯ರ ಭೂಕಂಪದಲ್ಲಿ ದಕ್ಷಿಣದ ಹೊರಗೋಡೆ ಕುಸಿಯಲು, ಬಿದ್ದ ಕಲ್ಲನ್ನು ಅರಮನೆಗಳಿಗೂ ಇಗರ್ಜಿಗಳಿಗೂ ಸಾಗಿಸಿದರು. ಕಲ್ಲಿಗೆ ಕಲ್ಲನ್ನು ಬಿಗಿದಿದ್ದ ಕಬ್ಬಿಣದ ಕೊಂಡಿಗಳನ್ನು ಕಿತ್ತ ತೂತುಗಳು ಇಂದಿಗೂ ಗೋಡೆಯ ತುಂಬ ಕಾಣುತ್ತವೆ. ಕೊನೆಗೆ ೧೭೪೯ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟನು ಇದನ್ನು ಕ್ರೈಸ್ತ ಹುತಾತ್ಮರ ಪುಣ್ಯಸ್ಥಳವೆಂದು ಸಾರಿದನು. ಕಲ್ಲು ಕೀಳುವುದು ನಿಂತಿತು. ಹುತಾತ್ಮರು ಇಲ್ಲಿಯೇ ಮಡಿದರೆನ್ನಲು ಆಧಾರ ಸಾಲದೆನ್ನುವ ವಿದ್ವಾಂಸರುಂಟು. ಆದರೆ ಆ ನಂಬಿಕೆಯೇ ಕಟ್ಟಡವನ್ನು ಕಾಯಿತು.

ಹಾಗಾದರೆ, ಹಳಮೆಯ ಮೇಲಣ ಅಭಿಮಾನ ಬೆಳೆದಮೇಲೆ ಅಪಾಯ ತೀರಿತೆ? ಕೊಲೋಸಿಯಮ್ಮಿನಿಂದ ವೆನಿಸ್ ಚೌಕದವರೆಗೆ ಹೋಗುವ ನೇರವಾದ ರಾಜಬೀದಿಯನ್ನು ನೋಡಬೇಕು. ರೋಮನ್ ವೈಭವವನ್ನು ಮೆರೆಸುವೆನೆಂದು ಹೊರಟ ಮುಸೊಲೀನಿಯು ೧೯೩೨ರಲ್ಲಿ ಅದನ್ನು ತೆರೆಯಿಸಿದನು. ಅದಕ್ಕಾಗಿ ಶತಮಾನಗಳಿಂದ ಜನ ಬಾಳಿದ ಕೇರಿಗಳು ನೆಲಸಮವಾದುವು. ಚಕ್ರವರ್ತಿಗಳ ಚಾವಡಿಗಳಲ್ಲಿ ಬಹುಭಾಗ ಬೀದಿಯ ಕೆಳಗೆ ಹೂತುಹೋಯಿತು.

ಪೂರ್ವಿಕರ ಕೃತಿಗಳಿಗೆ ಮರೆವಿನಿಂದ ಎಷ್ಟು ಹಾನಿಯೋ, ವಿವೇಕವಿಲ್ಲದ ಅಭಿಮಾನದಿಂದಲೂ ಅಷ್ಟೇ ಹಾನಿಯುಂಟು. ದೈನಂದಿನ ಬಳಕೆ, ನಂಬಿಕೆ, ಕೆಲವೊಮ್ಮೆ ಬರಿಯ ಭ್ರಾಂತಿ ಹಿಂದೆ ಕಾಪಾಡಿದುದನ್ನು ಇಂದು ತಿಳಿವಳಿಕೆಯಿಂದ ಕಾಪಾಡಬೇಕಾಗಿದೆ. ರೋಮಾಪುರಿಯ ಕಲ್ಲುಗಳಿಂದ ನಾವು ಕಲಿಯಬೇಕಾದ ಪಾಠ ಇದು.