ಗ್ಯಾಸ್ ಗೀಸರ್ ಮತ್ತೆ ಮತ್ತೆ ಆರಿಹೋಗುವುದೇಕೆ?

ನಲ್ಲಿ ತಿರುಗಿಸಿದೊಡನೆ ಅಡುಗೆ ಅನಿಲದ ಜ್ವಾಲೆಯಿಂದ ನೀರು ಕಾಯಿಸಿಕೊಡುವ ಸಾಧನವೇ ಗ್ಯಾಸ್ ಗೀಸರ್. ಇದರಲ್ಲಿ ನೀರನ್ನು ಕೂಡಿಡುವ ತೊಟ್ಟಿ ಇರುವುದಿಲ್ಲ. ಹರಿಯುವ ನೀರೇ ತಾಮ್ರದ ಕೊಳವೆಯ ಮೂಲಕ ಸಾಗುವಾಗ ಬಿಸಿಯಾಗುತ್ತದೆ. ಶಾಲೆಗೆ ಹೊರಡುವ ಮಕ್ಕಳು ಒಬ್ಬರ ಹಿಂದೊಬ್ಬರು ಸ್ನಾನಕ್ಕಿಳಿಯುವ ಮುಂಜಾನೆಯಲ್ಲಿಯೇ ಅದು ನಡುವೆ ಆರಿಹೋಗುವುದು ಅನೇಕ ಮನೆಗಳ ಅನುಭವ. ಹೀಗೆ ಆರುವುದೆಲ್ಲವೂ ದೋಷವಲ್ಲ. ಕೆಲವೊಮ್ಮೆ ಅದು ಯಂತ್ರವು ಮನೆಯವರ ಪ್ರಾಣ ಕಾಯುತ್ತಿರುವುದರ ಗುರುತು. ಆದುದರಿಂದ ಎಷ್ಟು ಹೊತ್ತಿನ ಬಳಿಕ, ಯಾವ ಸನ್ನಿವೇಶದಲ್ಲಿ ಆರುತ್ತದೆ ಎಂಬುದನ್ನು ಮೊದಲು ಗಮನಿಸಬೇಕು.

ಕಿಡಿಯ ಟಕಟಕ ಸದ್ದು ಕೇಳಿಸಿಯೂ ಜ್ವಾಲೆ ಹತ್ತದಿದ್ದರೆ, ಅಥವಾ ಹತ್ತಿದ ಕೆಲವೇ ಕ್ಷಣಗಳಲ್ಲಿ ಆರಿದರೆ, ಬ್ಯಾಟರಿಯ ಕಡೆ ನೋಡಬೇಕು. ಹೆಚ್ಚಿನ ಮಾದರಿಗಳಲ್ಲಿ ಕಿಡಿ ಹುಟ್ಟಿಸುವುದೂ ಅನಿಲದ ಕವಾಟವನ್ನು ತೆರೆದಿಡುವುದೂ ಕೆಳಭಾಗದಲ್ಲಿರುವ ಎರಡು ದಪ್ಪ ಬ್ಯಾಟರಿಗಳೇ. ಎರಡನ್ನೂ ಒಟ್ಟಿಗೆ ಬದಲಿಸುವುದು ಲೇಸು. ಹೊಸ ಸಿಲಿಂಡರ್ ಜೋಡಿಸಿದ ದಿನ ಕೊಳವೆಯಲ್ಲಿ ಗಾಳಿ ಉಳಿದಿದ್ದರೂ ಹೀಗಾಗುವುದುಂಟು. ಒಂದೆರಡು ಬಾರಿ ನಲ್ಲಿ ತೆರೆದು ಮುಚ್ಚಿದರೆ ಸರಿಹೋಗುತ್ತದೆ. ಬ್ಯಾಟರಿ ಹೊಸದಾಗಿದ್ದೂ ಜ್ವಾಲೆ ನಿಲ್ಲದಿದ್ದರೆ, ಜ್ವಾಲೆಯನ್ನು ಗುರುತಿಸುವ ಸೆನ್ಸರ್ ಕಡ್ಡಿಗೆ ಮಸಿ ಹಿಡಿದಿರಬಹುದು. ಅದನ್ನು ಮೆಕ್ಯಾನಿಕ್ ಬಿಚ್ಚಿ ಶುಚಿಗೊಳಿಸಬೇಕೇ ಹೊರತು ಮನೆಯವರು ಹೊದಿಕೆ ತೆಗೆಯಕೂಡದು.

ಅಡುಗೆಮನೆಯಲ್ಲಿ ಇನ್ನೊಂದು ನಲ್ಲಿ ತೆರೆದಾಗ ಗೀಸರ್ ಆರಿದರೆ ಕಾರಣ ನೀರಿನ ಒತ್ತಡ. ನೀರು ಸಾಕಷ್ಟು ರಭಸದಿಂದ ಹರಿದಾಗ ಮಾತ್ರ ಅನಿಲ ತೆರೆದುಕೊಳ್ಳುವಂತೆ ಇದರ ರಚನೆಯಿದೆ. ಮಾಳಿಗೆಯ ಟ್ಯಾಂಕ್ ಹತ್ತು ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ದೊರೆಯುತ್ತದೆ. ಒಂದೇ ಅಂತಸ್ತಿನ ಮನೆಯ ಮೂರು ಮೀಟರಿನ ಟ್ಯಾಂಕಿನಿಂದ 0.3 ಬಾರ್ ಮಾತ್ರ. ಅಷ್ಟರಲ್ಲಿಯೇ ನೀರು ಬರುವ ಬಾಯಿಯ ಜಾಲರಿಗೆ ಕೊಳವೆಬಾವಿಯ ಮರಳು ತುಂಬಿದರೆ ಹರಿವು ಇನ್ನೂ ಕುಗ್ಗುತ್ತದೆ. ಜಾಲರಿಯನ್ನು ಆಗಾಗ ತೊಳೆಯಬೇಕು. ಸಣ್ಣ ರಂಧ್ರದ ಶವರ್‌ಗಿಂತ ಬಕೆಟ್ಟಿಗೆ ನೀರು ಬಿಡುವುದೇ ಇಂಥ ಮನೆಗಳಿಗೆ ಅನುಕೂಲ.

ನೀರು ಅತಿಯಾಗಿ ಸುಡತೊಡಗಿ ಐದಾರು ನಿಮಿಷಕ್ಕೆ ಗೀಸರ್ ಆರಿದರೆ ಅತಿಶಾಖದ ರಕ್ಷಣೆ ಕೆಲಸ ಮಾಡಿದೆ ಎಂದರ್ಥ. ಬೇಸಿಗೆಯಲ್ಲಿ ಅನಿಲದ ತಿರುಪನ್ನು ತಗ್ಗಿಸಬೇಕು. ಗಡಸು ನೀರಿರುವ ಬಯಲುಸೀಮೆಯ ಊರುಗಳಲ್ಲಿ ತಾಮ್ರದ ಕೊಳವೆಯೊಳಗೆ ಸುಣ್ಣದ ಪದರ ಕಟ್ಟಿ ಇದೇ ತೊಂದರೆ ಮರುಕಳಿಸುತ್ತದೆ. ಇನ್ನು ಪ್ರತಿ ಸಲವೂ ಸರಿಯಾಗಿ 20 ನಿಮಿಷಕ್ಕೆ ಆರುತ್ತಿದ್ದರೆ ಯಾವ ದೋಷವೂ ಇಲ್ಲ. ಅನೇಕ ಮಾದರಿಗಳಲ್ಲಿ ಸುರಕ್ಷತೆಗಾಗಿ ಅಷ್ಟೇ ಅವಧಿಯನ್ನು ನಿಗದಿಪಡಿಸಿರುತ್ತಾರೆ.

ನೀಲಗಿರಿಯಂಥ ಚಳಿಯ ಪ್ರದೇಶಕ್ಕೆ ಸಿಲಿಂಡರಿನದೇ ಒಂದು ತೊಡಕಿದೆ. ಅಡುಗೆ ಅನಿಲವು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲಿಯೇ ಕುದಿದು ಅನಿಲವಾಗುತ್ತದೆ. ಬ್ಯೂಟೇನ್‌ಗೆ ಸೊನ್ನೆಯ ಆಸುಪಾಸಿನ ಉಷ್ಣತೆಯಾದರೂ ಬೇಕು. ಗೀಸರ್ ಅಡುಗೆ ಒಲೆಯ ಒಂದು ಬರ್ನರಿಗಿಂತ ಹಲವು ಪಟ್ಟು ವೇಗವಾಗಿ ಅನಿಲವನ್ನು ಎಳೆಯುವುದರಿಂದ ಸಿಲಿಂಡರ್ ತಾನೇ ತಣ್ಣಗಾಗಿ, ಮೈಮೇಲೆ ನೀರಹನಿ ಮೂಡಿ, ಒತ್ತಡ ಕುಸಿದು ಜ್ವಾಲೆ ಆರುತ್ತದೆ. ಮುಗಿಯುತ್ತ ಬಂದ ಸಿಲಿಂಡರಿನಲ್ಲಿ ಇದು ಹೆಚ್ಚು. ಆಗ ಸ್ವಲ್ಪ ಹೊತ್ತು ಬಿಡುವು ಕೊಡಬೇಕು. ಸಿಲಿಂಡರನ್ನು ಮಲಗಿಸುವುದಾಗಲಿ, ಅದಕ್ಕೆ ಶಾಖ ಕೊಡುವುದಾಗಲಿ, ಬಿಸಿನೀರು ಸುರಿಯುವುದಾಗಲಿ ಅಪಾಯಕರ.

ಇವೆಲ್ಲಕ್ಕಿಂತ ಗಂಭೀರವಾದುದು ಬೇರೊಂದಿದೆ. ಬಾಗಿಲು ತೆರೆದಿದ್ದಾಗ ಚೆನ್ನಾಗಿ ಉರಿಯುವ ಗೀಸರ್ ಬಾಗಿಲು ಮುಚ್ಚಿದಾಗ ಆರುತ್ತಿದ್ದರೆ, ಸ್ನಾನದ ಮನೆಯ ಗಾಳಿ ಸಾಲದೆಂದು ತಿಳಿಯಬೇಕು. ಒಂದು ಪಾಲು ಪ್ರೊಪೇನ್ ಪೂರ್ಣವಾಗಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. ಅಷ್ಟು ದೊರೆಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಲವಾಗಿ ಹಿಡಿದುಕೊಳ್ಳುತ್ತದೆ. ಹಿಂದಿನ ಹಂಡೆಯ ಒಲೆಯಾದರೋ ಹೊಗೆಯಿಂದ ಕಣ್ಣುರಿಸಿ ಎಚ್ಚರಿಸುತ್ತಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದ ಅಡುಗೆ ಅನಿಲ ಮೂಗಿಗೆ ತಿಳಿಯುವುದು ಅದಕ್ಕೆ ಬೆರೆಸಿದ ಗಂಧದ್ರವ್ಯದಿಂದ. ಉರಿದ ಮೇಲೆ ಆ ಗುರುತೂ ಉಳಿಯದು. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಕೂಗಿ ಕರೆಯುವ ಮೊದಲೇ ಮಕ್ಕಳು ಕುಸಿಯಬಹುದು.

ಎಲ್ಲ ಗೀಸರ್‌ಗಳಲ್ಲಿಯೂ ಗಾಳಿಯ ಕೊರತೆಯನ್ನು ಅರಿಯುವ ರಕ್ಷಣೆ ಇರುವುದಿಲ್ಲ. ಆದುದರಿಂದ ಆರದೆ ಉರಿಯುತ್ತಿದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಲಾಗದು. ನೀಲಿ ಜ್ವಾಲೆ ಹಳದಿಗೆ ತಿರುಗಿದ್ದರೆ, ಹೊದಿಕೆಯ ಮೇಲೆ ಮಸಿ ಕಂಡರೆ, ದುರಸ್ತಿಯಾಗುವವರೆಗೆ ಬಳಸಬಾರದು. ಗೀಸರ್ ಮತ್ತು ಸಿಲಿಂಡರ್ ಎರಡನ್ನೂ ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಕಡೆ ಇರಿಸಿ, ಬಿಸಿನೀರಿನ ಕೊಳವೆಯನ್ನಷ್ಟೇ ಒಳಕ್ಕೆ ತರುವುದೇ ಸರಿಯಾದ ವ್ಯವಸ್ಥೆ. ಒಳಗೇ ಕೂರಿಸಿರುವ ಮನೆಗಳಲ್ಲಿ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿಯಾಡಿದ ಬಳಿಕವೇ ಮಕ್ಕಳನ್ನು ಒಳಗೆ ಕಳುಹಿಸಬೇಕು. ಯಾರಾದರೂ ಕುಸಿದಿದ್ದರೆ ಬಾಗಿಲು ತೆರೆದು, ತಕ್ಷಣ ಬಯಲಿಗೆ ಎಳೆದು ತಂದು, ಅನಿಲ ಬಂದ್ ಮಾಡಿ, ಎಚ್ಚರ ಬಂದಿದ್ದರೂ ಆಸ್ಪತ್ರೆಗೆ ಒಯ್ಯಲೇಬೇಕು. ಆಮ್ಲಜನಕವೇ ಅದರ ಚಿಕಿತ್ಸೆ.

ಪದೇ ಪದೇ ಆರುವ ಕಿರಿಕಿರಿಗೆ ಬೇಸತ್ತು ಸೆನ್ಸರ್ ಅಥವಾ ಸಮಯ ನಿಯಂತ್ರಕದ ತಂತಿಯನ್ನು ನೇರವಾಗಿ ಜೋಡಿಸಿಬಿಡುವ ಮೆಕ್ಯಾನಿಕ್‌ಗಳೂ ಇಲ್ಲದಿಲ್ಲ. ಅದಕ್ಕೆ ಒಪ್ಪಕೂಡದು. ಬಂದವರು ತಮಿಳು, ಮಲಯಾಳ, ಮರಾಠಿ, ತೆಲುಗು ಯಾವುದನ್ನೇ ಆಡಲಿ, ಎಷ್ಟು ನಿಮಿಷಕ್ಕೆ ಆರಿತು, ಬಾಗಿಲು ಮುಚ್ಚಿತ್ತೇ, ಜ್ವಾಲೆಯ ಬಣ್ಣವೇನು, ಬ್ಯಾಟರಿ ಹಾಕಿದ್ದು ಯಾವಾಗ ಎಂಬ ನಾಲ್ಕು ಸಂಗತಿಗಳನ್ನು ತಿಳಿಸಿದರೆ ಅರ್ಧ ಕೆಲಸ ಮುಗಿದಂತೆ. ಅಡುಗೆ ಅನಿಲದ ವಾಸನೆಯೇ ಬಂದರೆ ಮಾತ್ರ ಯಾವ ಸ್ವಿಚ್ಚನ್ನೂ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು, ಹೊರಗೆ ಬಂದು 1906 ಸಂಖ್ಯೆಗೆ ಕರೆ ಮಾಡಬೇಕು.